ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡೋ, ಎರಡು ಚಿಕ್ಕವೋ?

ಎರಡು 16 ಜಿಬಿ ಕಾರ್ಡ್ ಹಾಕಿದರೆ 32 ಜಿಬಿ ಆಗುತ್ತದೆಯೇ? ಗೇಮ್ ಆಡುವವರನ್ನು ಕೇಳಿದರೆ ಇಲ್ಲ ಅನ್ನುತ್ತಾರೆ. ಮನೆಯ ಕಂಪ್ಯೂಟರಿನಲ್ಲೇ ಎಐ ಮಾಡೆಲ್ ಓಡಿಸುವವರನ್ನು ಕೇಳಿದರೆ ಹೌದು ಅನ್ನುತ್ತಾರೆ. ತ್ರೀಡಿ ರೆಂಡರ್ ಮಾಡುವವರು, ಅಂದರೆ ತ್ರೀಡಿ ದೃಶ್ಯದಿಂದ ಚಿತ್ರ ತೆಗೆಯುವವರು, ಮೆಮೊರಿ ಕೂಡುವುದಿಲ್ಲ, ಆದರೆ ವೇಗ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ ಅನ್ನುತ್ತಾರೆ. ಮೂವರೂ ಹೇಳುವುದು ನಿಜ. ಕಾರ್ಡ್ ಅದೇ, ಸ್ಲಾಟ್ ಅದೇ, ಮಾಡಿಸುವ ಕೆಲಸ ಮಾತ್ರ ಬೇರೆ ಬೇರೆ.

ಸುಮ್ನೆ ತತ್ವ ಹೇಳುವುದಕ್ಕಿಂತ ಒಂದು ಜೋಡಿ ಇಟ್ಟುಕೊಂಡೇ ಲೆಕ್ಕ ಹಾಕೋಣ. ಒಂದು ಕಡೆ ಎನ್ವಿಡಿಯಾದ ಆರ್‌ಟಿಎಕ್ಸ್ 5080. ಅದರಲ್ಲಿ 10,752 ಕುಡಾ (CUDA) ಕೋರ್‌ಗಳಿವೆ, ಅಂದರೆ ಲೆಕ್ಕ ಮಾಡುವ ಪುಟ್ಟ ಘಟಕಗಳು. ಮೆಮೊರಿ 16 ಜಿಬಿ. ಆ ಮೆಮೊರಿಯಿಂದ ಸೆಕೆಂಡಿಗೆ 960 ಜಿಬಿ ಓದಬಲ್ಲದು. ಗರಿಷ್ಠ 360 ವಾಟ್ ವಿದ್ಯುತ್ ತಿನ್ನುತ್ತದೆ. ಇನ್ನೊಂದು ಕಡೆ ಆರ್‌ಟಿಎಕ್ಸ್ 5060 ಟಿಐ, 16 ಜಿಬಿ ಮಾದರಿಯದು, ಎರಡು. ಒಂದೊಂದರಲ್ಲೂ 4,608 ಕೋರ್, ಸೆಕೆಂಡಿಗೆ 448 ಜಿಬಿ ಓದುವ ವೇಗ, 180 ವಾಟ್. ಎರಡನ್ನೂ ಕೂಡಿದರೆ 9,216 ಕೋರ್, ಸೆಕೆಂಡಿಗೆ 896 ಜಿಬಿ ಓದುವ ವೇಗ, 360 ವಾಟ್.

ನೋಡಿ, ಕಾಗದದ ಮೇಲೆ ಎರಡೂ ಕಡೆ ಬಹುತೇಕ ಸಮ. ಮೆಮೊರಿಯಲ್ಲಂತೂ ಜೋಡಿಯದೇ ಮೇಲುಗೈ. ಹಾಗಾದರೆ ಯೋಚನೆ ಯಾಕೆ ಅಂತ ಅನಿಸುತ್ತದೆ, ಅಲ್ವಾ? ಆದರೆ ಆ ಕೂಡಿಸಿದ ಅಂಕಿಗಳು ನಿಮಗೆ ದಕ್ಕುವುದು ಕೆಲಸವನ್ನು ಎರಡು ಪಾಲು ಮಾಡಲು ಆದರೆ ಮಾತ್ರ. ಪಾಲು ಮಾಡಲು ಆಗದಿದ್ದರೆ ಒಂದು ಕಾರ್ಡ್ ದುಡಿಯುತ್ತದೆ, ಇನ್ನೊಂದು ಪಕ್ಕದಲ್ಲಿ ಕೂತು ನೋಡುತ್ತದೆ.

ಗೇಮ್: ಸಾಲು ಹಂಚಿಕೊಂಡ ಕಾಲ

ಮೊದಲು ಗೇಮ್ ವಿಷಯ ಮುಗಿಸಿಬಿಡೋಣ. ಈ ಪ್ರಶ್ನೆ ಹುಟ್ಟಿದ್ದೇ ಅಲ್ಲಿ, ಸತ್ತಿದ್ದೂ ಅಲ್ಲೇ.

1998ರಲ್ಲಿ ತ್ರೀಡಿಎಫ್‌ಎಕ್ಸ್ ಎಂಬ ಕಂಪನಿ ವೂಡೂ 2 ಎಂಬ ಕಾರ್ಡ್ ತಂದಿತು. ಅಂಥ ಎರಡನ್ನು ಒಂದು ಕೇಬಲ್‌ನಿಂದ ಜೋಡಿಸಬಹುದಿತ್ತು. ಪರದೆಯ ಸಾಲುಗಳಲ್ಲಿ ಒಂದನ್ನು ಈ ಕಾರ್ಡ್ ಬರೆಯುತ್ತಿತ್ತು, ಮುಂದಿನದನ್ನು ಆ ಕಾರ್ಡ್. ಒಂದೇ ಕಾರ್ಡ್ ಇದ್ದರೆ 800x600ಕ್ಕೆ ನಿಲ್ಲುತ್ತಿದ್ದ ಚಿತ್ರ, ಎರಡಿದ್ದರೆ 1024x768ಕ್ಕೆ ಹೋಗುತ್ತಿತ್ತು. ಸಾಲು ಬಿಟ್ಟು ಸಾಲು ಹಂಚುವುದರಿಂದ ಅದಕ್ಕೆ ಸ್ಕ್ಯಾನ್ ಲೈನ್ ಇಂಟರ್‌ಲೀವ್, ಅಂದರೆ ಎಸ್‌ಎಲ್‌ಐ ಅಂತ ಹೆಸರು. ಆ ಕಾಲದ ಚಿತ್ರ ಸರಳವಾಗಿತ್ತು. ಒಂದು ಸಾಲು ಬರೆಯಲು ಪಕ್ಕದ ಸಾಲಿನಲ್ಲಿ ಏನಿದೆ ಅಂತ ತಿಳಿಯಬೇಕಿರಲಿಲ್ಲ. ಹಾಗಾಗಿ ಪಾಲು ಮಾಡುವುದು ಸಲೀಸಾಗಿತ್ತು.

ತ್ರೀಡಿಎಫ್‌ಎಕ್ಸ್ ಮುಳುಗಿತು. ಅದರ ಆಸ್ತಿಯನ್ನು ಎನ್ವಿಡಿಯಾ ಕೊಂಡುಕೊಂಡಿತು. 2004ರಲ್ಲಿ ಅದೇ ಮೂರಕ್ಷರಕ್ಕೆ ಸ್ಕೇಲಬಲ್ ಲಿಂಕ್ ಇಂಟರ್‌ಫೇಸ್ ಎಂಬ ಹೊಸ ಅರ್ಥ ಕೊಟ್ಟು ಜಿಫೋರ್ಸ್ 6 ಸರಣಿಯ ಜೊತೆ ಬಿಟ್ಟಿತು. ಮುಂದಿನ ವರ್ಷ ಎಟಿಐ ಕಂಪನಿಯ ಕ್ರಾಸ್‌ಫೈರ್ ಬಂತು. ಹೆಸರು ಹಳೆಯದಾದರೂ ಒಳಗಿನ ಉಪಾಯ ಬದಲಾಗಿತ್ತು.

ಒಂದು ದಾರಿ, ಪರದೆಯನ್ನು ಮೇಲೆ ಕೆಳಗೆ ಎರಡು ತುಂಡು ಮಾಡುವುದು. ಆದರೆ ಮೇಲಿನ ಅರ್ಧದಲ್ಲಿ ಬರೀ ಆಕಾಶ, ಕೆಳಗಿನ ಅರ್ಧದಲ್ಲಿ ಇಡೀ ಊರು ಇದ್ದರೆ? ಗೆರೆಯನ್ನು ಫ್ರೇಮ್ ಫ್ರೇಮಿಗೂ, ಅಂದರೆ ಪರದೆಗೆ ಬರುವ ಒಂದೊಂದು ಚಿತ್ರಕ್ಕೂ, ಮೇಲೆ ಕೆಳಗೆ ಸರಿಸುತ್ತಿರಬೇಕು. ಸಾಲದ್ದಕ್ಕೆ, ಯಾವ ವಸ್ತು ಎಲ್ಲಿ ಬೀಳುತ್ತದೆ ಎಂಬ ಲೆಕ್ಕದ ಬಹುಪಾಲನ್ನು ಎರಡೂ ಕಾರ್ಡ್ ಮಾಡಲೇಬೇಕು. ಅಲ್ಲಿ ಉಳಿತಾಯ ಇಲ್ಲ.

ಆದ್ದರಿಂದ ಬಳಕೆಗೆ ಬಂದಿದ್ದು ಇನ್ನೊಂದು ದಾರಿ. ಒಂದು ಫ್ರೇಮ್ ಈ ಕಾರ್ಡಿಗೆ, ಮುಂದಿನ ಫ್ರೇಮ್ ಆ ಕಾರ್ಡಿಗೆ. ಚೆನ್ನಾಗಿ ಹೊಂದಿದ ಗೇಮ್‌ಗಳಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ) ನಿಜಕ್ಕೂ ದುಪ್ಪಟ್ಟಿನ ಹತ್ತಿರ ಹೋಗುತ್ತಿತ್ತು. ಗ್ರಾಫ್ ನೋಡಿದರೆ ಖುಷಿ. ಆಡಲು ಕೂತರೆ ಏನೋ ಸರಿಯಿಲ್ಲ ಅನಿಸುತ್ತಿತ್ತು.

ಯಾಕೆ ಅಂತ ನೋಡೋಣ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದಕ್ಕೊಂದರ ನಡುವೆ ಸುಮಾರು 16.7 ಮಿಲಿಸೆಕೆಂಡ್ ಇರಬೇಕು. ಎರಡು ಕಾರ್ಡ್‌ಗಳು ಒಂದರ ಬೆನ್ನಿಗೊಂದು ಮುಗಿಸಿದರೆ, ಒಂದು ಫ್ರೇಮ್ 5 ಮಿಲಿಸೆಕೆಂಡಿಗೆ ಬಂದು, ಮುಂದಿನದು 28ಕ್ಕೆ ಬರಬಹುದು. ಸರಾಸರಿ ತೆಗೆದರೆ 60 ಎಫ್‌ಪಿಎಸ್ಸೇ. ಆದರೆ ಕಣ್ಣು ಸರಾಸರಿ ನೋಡುವುದಿಲ್ಲವಲ್ಲ. ಅದಕ್ಕೆ ಕಾಣುವುದು ಕುಂಟುವ ಓಟ. ಇದಕ್ಕೆ ಮೈಕ್ರೋ ಸ್ಟಟರ್ ಅಂತ ಹೆಸರು ಬಂತು. 2013ರ ಹೊತ್ತಿಗೆ ವಿಮರ್ಶಕರು ಬರೀ ಎಫ್‌ಪಿಎಸ್ ಬಿಟ್ಟು ಫ್ರೇಮ್‌ಗಳ ನಡುವಿನ ಅಂತರ ಅಳೆಯತೊಡಗಿದ ಮೇಲೆ ಈ ರೋಗ ಎಲ್ಲರಿಗೂ ಕಂಡಿತು. ಅಷ್ಟರಲ್ಲಿ ಎಟಿಐಯನ್ನು ಕೊಂಡಿದ್ದ ಎಎಂಡಿ ಅದೇ ವರ್ಷ ಅಂತರ ಸಮ ಮಾಡುವ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬಿಟ್ಟಿತು. ಸ್ಟಟರ್ ಕಡಿಮೆಯಾಯಿತು.

ಆದರೂ ಇನ್ನೊಂದು ವಿಷಯ ಉಳಿದೇ ಹೋಯಿತು. ಒಂದು ಫ್ರೇಮಿಗೆ 33 ಮಿಲಿಸೆಕೆಂಡ್ ತೆಗೆದುಕೊಳ್ಳುವ ಎರಡು ಕಾರ್ಡ್ ಸೇರಿ 60 ಎಫ್‌ಪಿಎಸ್ ಕೊಡುತ್ತವೆ. ಆದರೆ ಒಂದೊಂದು ಫ್ರೇಮಿಗೂ ಹಿಡಿದಿರುವುದು ಅದೇ 33 ಮಿಲಿಸೆಕೆಂಡ್. ನೀವು ಮೌಸ್ ಅಲುಗಿಸಿದ್ದು ಪರದೆಗೆ ಬರಲು ಒಂದೇ ಕಾರ್ಡ್ ಇದ್ದಾಗ ಎಷ್ಟು ಹೊತ್ತೋ ಈಗಲೂ ಅಷ್ಟೇ. ಒಂದೇ ದೊಡ್ಡ ಕಾರ್ಡ್ 60 ಎಫ್‌ಪಿಎಸ್ ಕೊಟ್ಟರೆ ಫ್ರೇಮ್ 16.7ರಲ್ಲೇ ಸಿದ್ಧ. ನನ್ನ ಪ್ರಕಾರ ಜೋಡಿ ಕಾರ್ಡಿನ ಬಗ್ಗೆ ಜನ ಕಡಿಮೆ ಮಾತಾಡಿದ, ಆದರೆ ಕೈಗೆ ಜಾಸ್ತಿ ಗೊತ್ತಾಗುತ್ತಿದ್ದ ಕೊರತೆ ಇದು.

ಕೊನೆಗೆ ಈ ಪದ್ಧತಿಯನ್ನು ಮುಗಿಸಿದ್ದು ಗೇಮ್‌ಗಳ ಚಿತ್ರ ಬರೆಯುವ ರೀತಿಯೇ. ಈಗಿನ ಬಹುತೇಕ ಗೇಮ್‌ಗಳು ಹಿಂದಿನ ಫ್ರೇಮ್ ನೋಡದೆ ಮುಂದಿನದನ್ನು ಬರೆಯುವುದಿಲ್ಲ. ಅಂಚು ನುಣುಪು ಮಾಡುವ ಟಿಎಎ, ಚಿಕ್ಕ ಚಿತ್ರವನ್ನು ದೊಡ್ಡದು ಮಾಡುವ ಡಿಎಲ್‌ಎಸ್‌ಎಸ್, ರೇ ಟ್ರೇಸಿಂಗ್‌ನ ಕಾಳುಕಾಳಾದ ಬೆಳಕನ್ನು ತಿಳಿಯಾಗಿಸುವ ಹಂತ, ಎಲ್ಲಕ್ಕೂ ಹಿಂದಿನ ಫ್ರೇಮಿನ ಮಾಹಿತಿ ಬೇಕು. ಆ ಫ್ರೇಮ್ ಇರುವುದೋ ಇನ್ನೊಂದು ಕಾರ್ಡಿನಲ್ಲಿ. ಒಂದು 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್. ಪಿಕ್ಸೆಲ್‌ಗೆ 8 ಬೈಟ್ ಹಿಡಿದರೆ 66 ಎಂಬಿ. ಕಾರ್ಡ್‌ಗಳ ನಡುವೆ ಸೆಕೆಂಡಿಗೆ 16 ಜಿಬಿ ಸಾಗಿಸುವ ದಾರಿಯಲ್ಲಿ ಅದಕ್ಕೆ 4 ಮಿಲಿಸೆಕೆಂಡ್ ಬೇಕು. ಅದೂ ಒಂದು ಪದರಕ್ಕೆ. ಇಂಥ ನಾಲ್ಕೈದು ಪದರ ಸಾಗಿಸಿದರೆ 16.7 ಮಿಲಿಸೆಕೆಂಡಿನ ಲೆಕ್ಕವೇ ಮುಗಿಯಿತು. ಅದಕ್ಕಿಂತ ಕೆಟ್ಟದ್ದು ಕಾಯುವುದು. ಮೊದಲ ಕಾರ್ಡ್ ಮುಗಿಸುವವರೆಗೂ ಎರಡನೆಯದು ಕೈಕಟ್ಟಿ ಕೂರಬೇಕು. ಆಗ ಅದು ಹಂಚಿಕೊಂಡ ಕೆಲಸವೇ ಅಲ್ಲ, ಸರದಿ.

ವಿಂಡೋಸ್‌ನಲ್ಲಿ ಗೇಮ್ ಮತ್ತು ಕಾರ್ಡ್ ನಡುವೆ ಮಾತುಕತೆ ನಡೆಸುವ ಡೈರೆಕ್ಟ್‌ಎಕ್ಸ್‌ನ 2015ರ ಆವೃತ್ತಿ, ಡೈರೆಕ್ಟ್‌ಎಕ್ಸ್ 12, ಹೊಸ ಬಾಗಿಲೊಂದನ್ನು ತೆರೆಯಿತು. ಎರಡು ಕಾರ್ಡ್‌ಗಳಿಗೆ ಕೆಲಸ ಹಂಚುವುದನ್ನು ಡ್ರೈವರ್ ಬದಲು ಗೇಮ್ ಬರೆಯುವವರೇ ಮಾಡಬಹುದು ಎಂದಿತು. ಬೆರಳೆಣಿಕೆಯ ಗೇಮ್‌ಗಳು ಮಾಡಿದವು, ಉಳಿದವು ಕೈಬಿಟ್ಟವು. ತಪ್ಪು ಅಂತ ಹೇಳಲಾಗದು. ತೀರಾ ಕಡಿಮೆ ಜನರ ಬಳಿ ಇರುವ ಜೋಡಿಗೋಸ್ಕರ ತಿಂಗಳುಗಟ್ಟಲೆ ಕೆಲಸ ಯಾರು ಮಾಡುತ್ತಾರೆ? ಎನ್ವಿಡಿಯಾದ 30 ಸರಣಿಯಲ್ಲಿ ಜೋಡಿಸುವ ಕೊಂಡಿ ಇದ್ದಿದ್ದು 3090 ವರ್ಗದ ಕಾರ್ಡಿನಲ್ಲಿ ಮಾತ್ರ. 2021ರ ಜನವರಿಯಿಂದ ಕಂಪನಿ ಹೊಸ ಗೇಮ್‌ಗಳಿಗೆ ಎಸ್‌ಎಲ್‌ಐ ಪ್ರೊಫೈಲ್ (ಆ ಗೇಮ್‌ನ ಕೆಲಸವನ್ನು ಹೇಗೆ ಹಂಚಬೇಕು ಎಂದು ಡ್ರೈವರ್‌ಗೆ ಹೇಳುವ ಸೂಚನೆ) ಬರೆಯುವುದನ್ನು ನಿಲ್ಲಿಸಿತು. 2022ರ 4090ರಲ್ಲಿ ಕೊಂಡಿಯೇ ಇಲ್ಲ.

ಹಾಗಾಗಿ ನಮ್ಮ ಉದಾಹರಣೆಯಲ್ಲಿ ಗೇಮ್‌ನ ತೀರ್ಪು ಸುಲಭ. ಎರಡು 5060 ಟಿಐ ಹಾಕಿದರೆ ಗೇಮಿಗೆ ಸಿಗುವುದು ಒಂದು 5060 ಟಿಐ. ಗೇಮೇ ಮುಖ್ಯ ಆಗಿದ್ದರೆ ಇಲ್ಲಿಗೇ ಓದು ನಿಲ್ಲಿಸಿ 5080 ತೆಗೆದುಕೊಳ್ಳಿ. ಒಂದು ಸಣ್ಣ ವಿನಾಯಿತಿ ಇದೆ. ಲಾಸ್‌ಲೆಸ್ ಸ್ಕೇಲಿಂಗ್‌ನಂಥ ತಂತ್ರಾಂಶ ಬಳಸಿ, ಗೇಮನ್ನು ಒಂದು ಕಾರ್ಡಿನಲ್ಲಿ ಓಡಿಸಿ, ನಡುವಿನ ಫ್ರೇಮ್ ಹುಟ್ಟಿಸುವ ಕೆಲಸವನ್ನು ಎರಡನೆಯದಕ್ಕೆ ಕೊಡಬಹುದು. ಹಳೆಯ ಕಾರ್ಡ್ ಮನೆಯಲ್ಲಿ ಬಿದ್ದಿದ್ದರೆ ಆಟಕ್ಕೆ ಮಾಡಿ ನೋಡಬಹುದು. ಅದಕ್ಕೋಸ್ಕರ ಹೊಸದು ಕೊಳ್ಳಬೇಡಿ.

ರೆಂಡರಿಂಗ್: ಹಂಚಿದಷ್ಟೂ ಹಗುರ

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅನ್ನುವ ಗಾದೆ ರೆಂಡರಿಂಗ್‌ಗೆ ಚೆನ್ನಾಗಿ ಒಪ್ಪುತ್ತದೆ. ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶದಲ್ಲಿ ರೆಂಡರ್ ಮಾಡುವ ಭಾಗವಾದ ಸೈಕಲ್ಸ್ ಒಂದು ಚಿತ್ರ ತೆಗೆಯಲು ಪಿಕ್ಸೆಲ್ ಪಿಕ್ಸೆಲ್‌ಗೂ ನೂರಾರು ಕಿರಣ ಬಿಟ್ಟು ಲೆಕ್ಕ ಹಾಕುತ್ತದೆ. ಈ ಕಿರಣಕ್ಕೆ ಆ ಕಿರಣದ ಹಂಗಿಲ್ಲ. ಅರ್ಧ ಲೆಕ್ಕ ಇಲ್ಲಿ, ಅರ್ಧ ಅಲ್ಲಿ, ಕೊನೆಗೆ ಜೋಡಿಸಿದರಾಯಿತು. ಕಾರ್ಡ್‌ಗಳು ಒಂದರ ಜೊತೆ ಒಂದು ಮಾತಾಡುವ ಅಗತ್ಯವೇ ಬಹಳ ಕಡಿಮೆ. ಅದಕ್ಕೇ ಎರಡು ಕಾರ್ಡ್ ಹಾಕಿದರೆ ಹೊತ್ತು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ನೂರಾರು ಫ್ರೇಮಿನ ಅನಿಮೇಷನ್ ಇದ್ದರಂತೂ ಬೆಸ ಫ್ರೇಮ್ ಒಂದಕ್ಕೆ, ಸರಿ ಫ್ರೇಮ್ ಇನ್ನೊಂದಕ್ಕೆ ಕೊಟ್ಟು ಮಲಗಬಹುದು. ಗೇಮಿನಲ್ಲಿ ಸೋತ ಉಪಾಯ ಇಲ್ಲಿ ಗೆಲ್ಲುತ್ತದೆ. ಇಲ್ಲಿ ಯಾರೂ ಮೌಸ್ ಹಿಡಿದು ಕಾಯುತ್ತಿಲ್ಲವಲ್ಲ.

ಆದರೆ ಮೆಮೊರಿ ಕೂಡುವುದಿಲ್ಲ. ಕಿರಣ ಎಲ್ಲಿಗೆ ಬೇಕಾದರೂ ಹೋಗಿ ತಾಗಬಹುದು. ಹಾಗಾಗಿ ಇಡೀ ದೃಶ್ಯ, ಅದರ ಎಲ್ಲ ಟೆಕ್ಸ್‌ಚರ್‌ಗಳ ಸಮೇತ, ಎರಡೂ ಕಾರ್ಡಿನಲ್ಲಿ ಪೂರ್ತಿ ಇರಬೇಕು. 20 ಜಿಬಿಯ ದೃಶ್ಯ 16 ಜಿಬಿಯ ಎರಡು ಕಾರ್ಡಿನಲ್ಲಿ ಕೂರುವುದಿಲ್ಲ. ಉಕ್ಕಿದ್ದು ಸಿಸ್ಟಮ್ ಮೆಮೊರಿಗೆ ಹೋಗಿ ಎಲ್ಲ ನಿಧಾನ ಆಗುತ್ತದೆ, ಇಲ್ಲವೇ ರೆಂಡರ್ ನಿಂತೇ ಹೋಗುತ್ತದೆ. ನಿಮ್ಮ ದೃಶ್ಯಗಳು ಚಿಕ್ಕವಾಗಿದ್ದು ಎಣಿಕೆ ಜಾಸ್ತಿ ಇದ್ದರೆ ಜೋಡಿ ಸರಿ. ಒಂದೊಂದು ದೃಶ್ಯವೇ ಬೆಟ್ಟದಷ್ಟು ದೊಡ್ಡದಾಗಿದ್ದರೆ ದೊಡ್ಡ ಮೆಮೊರಿಯ ಒಂದೇ ಕಾರ್ಡ್.

ಎಐ ಮಾಡೆಲ್: ಇಲ್ಲಿ ಲೆಕ್ಕ ತಲೆಕೆಳಗು

ಈ ಹಳೇ ಪ್ರಶ್ನೆಗೆ ಮತ್ತೆ ಜೀವ ಬಂದಿರುವುದೇ ಎಐ ಮಾಡೆಲ್‌ಗಳಿಂದ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಭಾಷೆಯ ಮಾಡೆಲ್ ಒಂದು ಉತ್ತರ ಬರೆಯುವಾಗ ಟೋಕನ್ ಟೋಕನ್ ಆಗಿ ಬರೆಯುತ್ತದೆ. ಟೋಕನ್ ಅಂದರೆ ಪದದ ಒಂದು ತುಣುಕು. ಸಾಮಾನ್ಯ ಮಾಡೆಲ್‌ನಲ್ಲಿ ಒಂದೊಂದು ಟೋಕನ್‌ಗೂ ಮಾಡೆಲ್‌ನ ಎಲ್ಲ ಅಂಕಿಗಳನ್ನೂ ಮೆಮೊರಿಯಿಂದ ಒಮ್ಮೆ ಓದಬೇಕು. ಒಬ್ಬರೇ ಬಳಸುತ್ತಿದ್ದರೆ ಲೆಕ್ಕ ಮಾಡುವ ಕೋರ್‌ಗಳಿಗೆ ಅಷ್ಟು ಕೆಲಸವೇ ಇಲ್ಲ, ಓದುವುದರಲ್ಲೇ ಹೊತ್ತು ಹೋಗುತ್ತದೆ. ಆದ್ದರಿಂದ ವೇಗದ ಮೇಲ್ಮಿತಿ ತಿಳಿಯಲು ಸುಲಭ ಭಾಗಾಕಾರ ಸಾಕು. ಮೆಮೊರಿ ಓದುವ ವೇಗವನ್ನು ಮಾಡೆಲ್‌ನ ಗಾತ್ರದಿಂದ ಭಾಗಿಸಿ. ನಿಜದಲ್ಲಿ ಸಿಗುವುದು ಇದಕ್ಕಿಂತ ಕಡಿಮೆ, ಆದರೆ ಹೋಲಿಕೆಗೆ ಇದು ಸಾಕು.

ಮೊದಲು 12 ಜಿಬಿಯ ಮಾಡೆಲ್ ತೆಗೆದುಕೊಳ್ಳಿ. 5080ರಲ್ಲಿ 960 ಭಾಗಿಸು 12, ಅಂದರೆ ಸೆಕೆಂಡಿಗೆ 80 ಟೋಕನ್. ಇನ್ನು ಜೋಡಿಯಲ್ಲಿ? ಲಾಮಾ ಸಿಪಿಪಿ ತಂತ್ರಾಂಶದ ಮಾಮೂಲಿ ರೀತಿ ಮಾಡೆಲ್‌ನ ಪದರಗಳನ್ನು ಪಾಲು ಮಾಡುವುದು. ಮೊದಲ ಅರ್ಧ ಪದರ ಒಂದು ಕಾರ್ಡಿನಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ಟೋಕನ್ ಮೊದಲು ಇಲ್ಲಿಯ ಪದರಗಳನ್ನು ದಾಟಬೇಕು, ಆಮೇಲೆ ಅಲ್ಲಿಯವನ್ನು. ಒಂದು ಕಾರ್ಡ್ ಓದುವಾಗ ಇನ್ನೊಂದು ಸುಮ್ಮನೆ ಇರುತ್ತದೆ. ಅಂದರೆ 896 ಎಂಬ ಕೂಡಿಸಿದ ಅಂಕಿ ಇಲ್ಲಿ ಸುಳ್ಳು. ಓದುವ ವೇಗ 448ಕ್ಕೇ ನಿಂತಿತು. ಭಾಗಿಸಿದರೆ 37 ಟೋಕನ್. ದೊಡ್ಡ ಕಾರ್ಡ್ ಎರಡು ಪಟ್ಟು ಮುಂದೆ.

ಈಗ 24 ಜಿಬಿಯ ಮಾಡೆಲ್. ಜೋಡಿಯಲ್ಲಿ ತಲಾ 12 ಜಿಬಿ ಕೂರುತ್ತದೆ, ಇನ್ನೂ ಜಾಗ ಉಳಿಯುತ್ತದೆ. ಮೇಲ್ಮಿತಿ ಸುಮಾರು 19 ಟೋಕನ್. 5080ರಲ್ಲಿ 15 ಜಿಬಿ ಕೂತಿತು ಅಂತಿಟ್ಟುಕೊಳ್ಳಿ. ಉಳಿದ 9 ಜಿಬಿ ಸಿಸ್ಟಮ್ ಮೆಮೊರಿಯಲ್ಲಿ ಇರಬೇಕು. ಡಿಡಿಆರ್5-6000 ಮೆಮೊರಿ ಎರಡು ಚಾನೆಲ್‌ನಲ್ಲಿ ಕೊಡುವುದು ಸೆಕೆಂಡಿಗೆ 96 ಜಿಬಿ. ಕಾರ್ಡಿನ 15 ಜಿಬಿ ಓದಲು 16 ಮಿಲಿಸೆಕೆಂಡ್. ಹೊರಗಿನ 9 ಜಿಬಿ ಓದಲು 94 ಮಿಲಿಸೆಕೆಂಡ್! ಒಟ್ಟು 110, ಅಂದರೆ ಸೆಕೆಂಡಿಗೆ 9 ಟೋಕನ್. ಎರಡು ಪಟ್ಟು ಮುಂದಿದ್ದ ಕಾರ್ಡ್ ಈಗ ಎರಡು ಪಟ್ಟು ಹಿಂದೆ.

ಕಾರ್ಡ್‌ಗಳು ಬದಲಾಗಲಿಲ್ಲ. ಮಾಡೆಲ್ ಮೆಮೊರಿಯಲ್ಲಿ ಕೂತಿತೋ ಇಲ್ಲವೋ ಎಂಬುದಷ್ಟೇ ಬದಲಾಯಿತು. ನಾನು ಈ ಪ್ರಶ್ನೆ ಕೇಳಿದವರಿಗೆಲ್ಲ ಮೊದಲು ತಿರುಗಿ ಕೇಳುವುದು ಇದನ್ನೇ: ನೀವು ಓಡಿಸಬೇಕೆಂದಿರುವ ಮಾಡೆಲ್ ಎಷ್ಟು ಜಿಬಿ? 7,000 ಕೋಟಿ ಪ್ಯಾರಾಮೀಟರಿನ (ಮಾಡೆಲ್‌ನ ಒಳಗಿನ ಅಂಕಿಗಳ) ಮಾಡೆಲ್, ಒಂದೊಂದು ಅಂಕಿಯನ್ನೂ 4 ಬಿಟ್‌ಗೆ ಕುಗ್ಗಿಸಿದರೂ, 40 ಜಿಬಿ ಆಸುಪಾಸು ಕೇಳುತ್ತದೆ. 32 ಜಿಬಿಯ ಆರ್‌ಟಿಎಕ್ಸ್ 5090ರಲ್ಲೂ ಅದು ಹಿಡಿಯುವುದಿಲ್ಲ. 24 ಜಿಬಿಯ ಎರಡು ಹಳೆಯ 3090ಗಳಲ್ಲಿ ಹಿಡಿಯುತ್ತದೆ. 2020ರ ಆ ಕಾರ್ಡನ್ನು ಜನ ಇನ್ನೂ ಹುಡುಕಿಕೊಂಡು ಹೋಗುವುದು ಇದಕ್ಕೇ. ಸೆಕೆಂಡಿಗೆ 936 ಜಿಬಿ ಓದುವ ವೇಗವೂ ಇದೆ, ಜೊತೆಗೆ ಕೊಂಡಿಯೂ ಇದೆ.

ಪದರ ಹಂಚುವ ಬದಲು ಒಂದೊಂದು ಪದರವನ್ನೇ ಸೀಳಿ ಎರಡೂ ಕಾರ್ಡಿಗೆ ಕೊಡುವ ರೀತಿಯೂ ಇದೆ. ಟೆನ್ಸರ್ ಪ್ಯಾರಲಲ್ ಅನ್ನುತ್ತಾರೆ. ಆಗ ಎರಡೂ ಒಟ್ಟಿಗೆ ಓದುತ್ತವೆ, 896 ನಿಜವಾಗುವ ಸಾಧ್ಯತೆ ಹುಟ್ಟುತ್ತದೆ. ಆದರೆ ಪ್ರತಿ ಪದರದಲ್ಲೂ ಎರಡು ಸಲ ಫಲಿತಾಂಶ ಕೂಡಿಸಿಕೊಳ್ಳಬೇಕು. 60 ಪದರದ ಮಾಡೆಲ್ ಆದರೆ ಒಂದು ಟೋಕನ್‌ಗೆ 120 ಸಲ ಮಾತುಕತೆ. ಕಾರ್ಡ್‌ಗಳ ನಡುವಿನ ದಾರಿ ಚುರುಕಾಗಿಲ್ಲದಿದ್ದರೆ ಗಳಿಸಿದ್ದೆಲ್ಲ ಅಲ್ಲೇ ಖರ್ಚು. ಪದರ ಹಂಚುವ ರೀತಿಯಲ್ಲಿ ಈ ತೊಂದರೆ ಇಲ್ಲ. ಟೋಕನ್‌ಗೆ ಒಮ್ಮೆ ಕೆಲವು ಸಾವಿರ ಅಂಕಿ ದಾಟಿದರೆ ಮುಗಿಯಿತು. 8,192 ಅಂಕಿ, ತಲಾ 2 ಬೈಟ್, ಅಂದರೆ 16 ಕೆಬಿ. ಅದು ಎಂಥ ಕಿರಿದಾದ ಸ್ಲಾಟಿನಲ್ಲೂ ಹೋಗುತ್ತದೆ.

ಮಾಡೆಲ್ ಓಡಿಸುವುದಲ್ಲ, ತರಬೇತಿ ಕೊಡುವುದು ಅಂದರೆ ಮತ್ತೆ ಕಥೆ ಬೇರೆ. 100 ಕೋಟಿ ಪ್ಯಾರಾಮೀಟರಿನ ಪುಟ್ಟ ಮಾಡೆಲ್‌ಗೂ ಹೆಜ್ಜೆ ಹೆಜ್ಜೆಗೆ 2 ಜಿಬಿಯಷ್ಟು ತಿದ್ದುಪಡಿಗಳನ್ನು ಕಾರ್ಡ್‌ಗಳು ಅದಲುಬದಲು ಮಾಡಿಕೊಳ್ಳಬೇಕಾಗಬಹುದು. ಸೆಕೆಂಡಿಗೆ 16 ಜಿಬಿ ಸಾಗಿಸುವ ಅದೇ ದಾರಿಯಲ್ಲಿ ಅದಕ್ಕೇ ಸೆಕೆಂಡಿನ ಎಂಟನೇ ಒಂದು ಭಾಗ ಹೋಗುತ್ತದೆ. ಹೆಜ್ಜೆ ದೊಡ್ಡದಿದ್ದರೆ ಪರವಾಗಿಲ್ಲ. ಚಿಕ್ಕದಿದ್ದರೆ ಕಾಯುವುದೇ ಕೆಲಸ.

ಡಬ್ಬಿಯ ಒಳಗಿನ ತಾಪತ್ರಯ

ಎರಡು ಕಾರ್ಡ್ ಬೇಕು ಅಂತ ತೀರ್ಮಾನಿಸಿದಿರಿ ಅಂದುಕೊಳ್ಳೋಣ. ಮದರ್‌ಬೋರ್ಡ್‌ನಲ್ಲಿ ಎರಡು ಉದ್ದ ಸ್ಲಾಟ್ ಕಂಡಿತು ಅಂತ ಖುಷಿಪಡಬೇಡಿ. ಮನೆ ಬಳಕೆಯ ಪ್ರೊಸೆಸರ್‌ಗಳು ಗ್ರಾಫಿಕ್ಸ್‌ಗೆ ಕೊಡುವುದು ಸಾಮಾನ್ಯವಾಗಿ 16 ಪಿಸಿಐ ಎಕ್ಸ್‌ಪ್ರೆಸ್ ಲೇನ್, ಅಂದರೆ ಕಾರ್ಡಿಗೂ ಪ್ರೊಸೆಸರ್‌ಗೂ ನಡುವೆ ಮಾಹಿತಿ ಸಾಗುವ ದಾರಿಗಳು. ಒಳ್ಳೆ ಬೋರ್ಡ್ ಅದನ್ನು 8 ಮತ್ತು 8 ಅಂತ ಹಂಚುತ್ತದೆ. ಅನೇಕ ಬೋರ್ಡ್‌ಗಳಲ್ಲಿ ಎರಡನೇ ಸ್ಲಾಟ್ ಉದ್ದ ಇದ್ದರೂ ಒಳಗೆ ನಾಲ್ಕೇ ಲೇನ್, ಅದೂ ನೇರ ಪ್ರೊಸೆಸರ್‌ನಿಂದಲ್ಲ, ಬೋರ್ಡಿನ ಚಿಪ್‌ಸೆಟ್ ಸುತ್ತಿ ಬರುತ್ತದೆ. ಕೈಪಿಡಿಯಲ್ಲಿ ಈ ಸಾಲು ಹುಡುಕಿ ಓದಿ. 5060 ಟಿಐ ತಾನೇ 8 ಲೇನಿನ ಕಾರ್ಡ್, ಹಾಗಾಗಿ 8 ಮತ್ತು 8ರಲ್ಲಿ ಅದಕ್ಕೆ ಲೇನಿನ ನಷ್ಟ ಇಲ್ಲ.

ಆಮೇಲೆ ಅಳತೆ. ಸ್ಲಾಟಿನಿಂದ ಸ್ಲಾಟಿಗೆ 20.32 ಮಿಲಿಮೀಟರ್. ಈಗಿನ ದಪ್ಪ ಕಾರ್ಡ್‌ಗಳು ಮೂರು ಸ್ಲಾಟಿನ ಜಾಗ ನುಂಗುತ್ತವೆ. ಎರಡು ಕಾರ್ಡ್ ಒಂದಕ್ಕೊಂದು ಅಂಟಿಕೊಂಡರೆ ಮೇಲಿನದರ ಫ್ಯಾನಿಗೆ ಸಿಗುವುದು ಕೆಳಗಿನದರ ಬಿಸಿ ಗಾಳಿ. ಬಿಸಿಯಾದ ಕಾರ್ಡ್ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಬೆರಳು ಆಡುವಷ್ಟಾದರೂ ಸಂದು ಬೇಕು. ಪವರ್ ಸಪ್ಲೈ ಎರಡರ ಗರಿಷ್ಠಕ್ಕೂ ಸಾಲಬೇಕು, ಕೇಬಲ್‌ಗಳೂ ಅಷ್ಟಿರಬೇಕು. ಕೆಲಸ ಇಲ್ಲದಾಗಲೂ ಎರಡು ಕಾರ್ಡ್ ಸ್ವಲ್ಪ ಸ್ವಲ್ಪ ಕರೆಂಟ್ ತಿನ್ನುತ್ತಲೇ ಇರುತ್ತವೆ.

ಬೇರೆ ಬೇರೆ ಕಾರ್ಡ್ ಬೆರೆಸುವ ಯೋಚನೆ ಇದ್ದರೆ ಹುಷಾರು. ಸಮಪಾಲು ಮಾಡುವ ಕೆಲಸಗಳಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಗುತ್ತದೆ. ವೇಗದ ಕಾರ್ಡ್ ನಿಧಾನದ್ದಕ್ಕೆ ಕಾಯುತ್ತದೆ. ಪದರ ಹಂಚುವಾಗ ಮಾತ್ರ ದೊಡ್ಡದಕ್ಕೆ ಜಾಸ್ತಿ, ಚಿಕ್ಕದಕ್ಕೆ ಕಡಿಮೆ ಅಂತ ಕೊಡಬಹುದು. ಒಂದೇ ಕಂಪನಿಯ ಕಾರ್ಡ್‌ಗಳಾದರೆ ಡ್ರೈವರ್ ತಲೆನೋವು ಕಡಿಮೆ.

ಈಗ ಒಂದು ಚಿಕ್ಕದು, ಮುಂದೆ ಅಂಥದ್ದೇ ಇನ್ನೊಂದು ಎಂಬ ಯೋಜನೆ ಕೇಳಲು ಚೆನ್ನ. ಎರಡು ವರ್ಷ ಬಿಟ್ಟು ಹುಡುಕಿದರೆ ಅದೇ ಕಾರ್ಡ್ ಹೊಸದಾಗಿ ಸಿಗದೇ ಇರಬಹುದು. ಗೇಮಿಗಾದರೆ ಹಳೆಯದನ್ನು ಮಾರಿ ಹೊಸ ಪೀಳಿಗೆಯ ಒಂದನ್ನು ತರುವುದೇ ಲಾಭ. ಎಐಗಾದರೆ ಈ ಯೋಜನೆ ಅಷ್ಟು ಕೆಟ್ಟದ್ದಲ್ಲ. ಅಲ್ಲಿ ಹಳೆಯ ಜಿಬಿಗೂ ಬೆಲೆ ಇದೆ.

ಎರಡು ಕಾರ್ಡ್ ಸುಮ್ಮನೆ ಎರಡು ಬೇರೆ ಕೆಲಸ ಮಾಡುವುದೂ ಉಂಟು. ಒಂದರಲ್ಲಿ ರೆಂಡರ್ ಓಡುತ್ತಿರುವಾಗ ಇನ್ನೊಂದಕ್ಕೆ ಮಾನಿಟರ್ ಸಿಕ್ಕಿಸಿ ಆರಾಮಾಗಿ ಮುಂದಿನ ದೃಶ್ಯ ಕಟ್ಟಬಹುದು. ವರ್ಚುವಲ್ ಮಷೀನಿಗೆ ಒಂದನ್ನು ಪೂರ್ತಿ ಬಿಟ್ಟುಕೊಡಬಹುದು. ಇಲ್ಲಿ ಹಂಚುವ ತಕರಾರೇ ಇಲ್ಲ. ಒಂದೇ ದೊಡ್ಡ ಕಾರ್ಡಿನಲ್ಲಿ ರೆಂಡರ್ ಹಚ್ಚಿದಾಗ ಮೌಸ್ ಕೂಡ ತೆವಳುವುದನ್ನು ಅನುಭವಿಸಿದವರಿಗೆ ಇದರ ಸುಖ ಗೊತ್ತು.

ಇನ್ನೂ ತೀರ್ಮಾನ ಆಗದಿದ್ದರೆ ಈಗ ಇರುವ ಕಾರ್ಡನ್ನೇ ಕೇಳಿ. ನಿಮ್ಮ ನಿತ್ಯದ ಕೆಲಸ ಹಚ್ಚಿ, ಟಾಸ್ಕ್ ಮ್ಯಾನೇಜರಿನಲ್ಲೋ ಎನ್ವಿಡಿಯಾ ಡ್ರೈವರ್ ಜೊತೆ ಬರುವ ಎನ್ವಿಡಿಯಾ ಎಸ್‌ಎಂಐ (nvidia-smi) ಎಂಬ ಸಾಧನದಲ್ಲೋ ಎರಡು ಅಂಕಿ ನೋಡಿ: ಮೆಮೊರಿ ಎಷ್ಟು ತುಂಬಿದೆ, ಕಾರ್ಡ್ ಎಷ್ಟು ದುಡಿಯುತ್ತಿದೆ. ಟಾಸ್ಕ್ ಮ್ಯಾನೇಜರ್ ನೋಡುವವರು ಅಲ್ಲಿ ತ್ರೀಡಿ ಬದಲು ಕುಡಾ (CUDA) ಅಥವಾ ಕಂಪ್ಯೂಟ್ ಗ್ರಾಫ್ ಆರಿಸಿಕೊಳ್ಳಿ. ಇಲ್ಲದಿದ್ದರೆ ಬೆವರು ಸುರಿಸುತ್ತಿರುವ ಕಾರ್ಡ್ ಕೂಡ ಸೋಮಾರಿಯಂತೆ ಕಾಣುತ್ತದೆ. ಮೆಮೊರಿ ಕಂಠಮಟ್ಟ ತುಂಬಿ ಕೋರ್‌ಗಳು ಆಕಳಿಸುತ್ತಿದ್ದರೆ ನಿಮಗೆ ಬೇಕಿರುವುದು ಜಿಬಿ. ಮೆಮೊರಿ ಅರ್ಧ ಖಾಲಿ ಇದ್ದು ದುಡಿಮೆ 100ಕ್ಕೆ ಮುಟ್ಟಿದ್ದರೆ ಬೇಕಿರುವುದು ವೇಗ. ಆ ಕೆಲಸ ಪಾಲಾಗುವಂಥದ್ದೋ ಅಂತ ನೋಡಿಕೊಂಡು, ಆಮೇಲೆ ಟೇಪ್ ಹಿಡಿದು ಕೇಸ್ ತೆರೆಯಿರಿ.